ಉದ್ದ ಕಿವಿಯ ಹಾಲುಮೇಕೆ, ನಮ್ಮ ಸೀಮೆಯ ಬಿಳಿಮೇಕೆ

ಚಿಂತಾಮಣಿ ಸಂತೆಯಲ್ಲಿ ಮೇಕೆ ಕೊಳ್ಳುವವರು ಮೊದಲು ಬಾಯಿ ತೆರೆಸಿ ಹಲ್ಲು ನೋಡುತ್ತಾರೆ. ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದೆಯೋ ಎಂದು ತಿಳಿದುಕೊಂಡು ಬೆನ್ನಿನ ಮೇಲೆ ಕೈಯಾಡಿಸುತ್ತಾರೆ. ಆಮೇಲೆ ಹೊಟ್ಟೆಯಡಿ ಕೈಕೊಟ್ಟು ಎತ್ತಿ ತೂಕ ಅಂದಾಜು ಮಾಡುತ್ತಾರೆ. ಕೆಚ್ಚಲು ಮುಟ್ಟಿ ನೋಡುವವರು ತೀರಾ ಅಪರೂಪ. ನಮ್ಮ ಕೆಂಚಾರ್ಲಹಳ್ಳಿ ಸುತ್ತಿನ ಊರುಗಳಲ್ಲಿ ಮೇಕೆ ಇರುವುದು ಮಾರಲಿಕ್ಕೆ. ಮಗಳ ಮದುವೆ ಬಂದರೆ, ಕಾಲೇಜಿನ ಫೀಸು ಕಟ್ಟಬೇಕಾದರೆ, ಕೊಳವೆಬಾವಿಯ ಮೋಟರು ಸುಟ್ಟರೆ ಎರಡು ಮೇಕೆ ಹೊಡೆದುಕೊಂಡು ಹೋಗುತ್ತಾರೆ. ಹಾಲು ಬೇಕೆಂದು ಮೇಕೆ ಕಟ್ಟಿದವರನ್ನು ನಾನು ಇಲ್ಲಿಗೆ ಸೊಸೆಯಾಗಿ ಬಂದ ಕಾಲದಲ್ಲಿ ನೋಡಿರಲಿಲ್ಲ.

ಹಾಲಿಗೆ ಸೀಮೆಹಸು ಇದೆಯಲ್ಲ. ಊರೂರಿಗೂ ಡೇರಿ, ಬೆಳಗ್ಗೆ ಸಂಜೆ ಕ್ಯಾನು ಹಿಡಿದು ಸಾಲು. "ಹಸಿನ ಹಾಲು ಡೇರಿಗೆ, ಮೇಕೆ ಹಾಲು ಮರಿಗೆ ಕಣಮ್ಮ" ಎಂದು ನಮ್ಮತ್ತೆ ಹೇಳುತ್ತಿದ್ದರು. ಮನೆಯಲ್ಲಿ ಕೂಸಿಗೆ ಕೆಮ್ಮು ಬಂದಾಗ, ಯಾರಿಗಾದರೂ ಬಾಯಿಹುಣ್ಣಾದಾಗ ಮಾತ್ರ ಒಂದು ಲೋಟ ಕರೆಯುತ್ತಿದ್ದರು. ಕರೆದ ಹಾಲನ್ನು ಅಳೆಯುವುದು ಯಾರ ತಲೆಗೂ ಹೊಳೆದ ಸಂಗತಿಯಲ್ಲ. ಈ ಅಳತೆಯ ಮಾತಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಈಚಿನ ವರ್ಷಗಳಲ್ಲಿ ಗಾಳಿ ಬೇರೆ ಕಡೆ ಬೀಸುತ್ತಿದೆ. ಬೆಂಗಳೂರಿನ ಕೆಲಸ ಬಿಟ್ಟು ಬಂದ ಹುಡುಗರು ತಗಡಿನ ಶೆಡ್ಡು ಹಾಕಿ, ಹಲಗೆಯ ಅಟ್ಟಣೆ ಕಟ್ಟಿ, ಉತ್ತರ ಭಾರತದ ಮೇಕೆ ಸಾಕಲು ಶುರು ಮಾಡಿದ್ದಾರೆ. ಸಿರೋಹಿ, ಬೀಟಲ್, ಬಾರ್ಬರಿ ಎಂದು ಹೆಸರುಗಳು ಕೇಳಿಬರುತ್ತವೆ. ಎಲ್ಲಕ್ಕಿಂತ ಹೆಚ್ಚಾಗಿ ಜಮುನಾಪಾರಿ. ನನ್ನ ಮೈದುನನೂ ಒಂದು ಜೋಡಿ ತಂದ. ಲಾರಿಯಿಂದ ಇಳಿಸಿದ ಹೋತದ ಕಿವಿ ಹಿಡಿದು, "ಅತ್ತಿಗೆ, ಇದರ ಕಿವಿ ನೋಡಿ, ಒಂದು ಗೇಣಿಗೂ ಜಾಸ್ತಿ" ಎಂದ. ನಿಜವಾಗಿಯೂ ಚೆಂದದ ಪ್ರಾಣಿ. ಇಂಥ ಪ್ರಾಣಿ ಎಲ್ಲಿಂದ ಬಂತು, ಅದಕ್ಕೆ ಆ ಕಿವಿ, ಆ ಮೂಗು, ಆ ಹಾಲು ಹೇಗೆ ಬಂದವು ಎಂದು ಓದಿ, ಕೇಳಿ ತಿಳಿದುಕೊಳ್ಳುತ್ತಾ ಹೋದೆ.

ಜಮುನಾಪಾರಿಯ ತವರು ಉತ್ತರ ಪ್ರದೇಶದ ಇಟಾವಾ ಜಿಲ್ಲೆ. ಅದರಲ್ಲೂ ಚಕರ್‌ನಗರದ ಸುತ್ತಮುತ್ತ, ಯಮುನೆ ಮತ್ತು ಚಂಬಲ್ ನದಿಗಳ ನಡುವಿನ ಕೊರಕಲು ನೆಲ. ಮಳೆನೀರು ಮಣ್ಣನ್ನು ಕೊರೆದು ಕೊರೆದು ಆಳದ ಹಳ್ಳಗಳನ್ನು ಮಾಡಿದೆ. ಅಲ್ಲಿ ಉಳುಮೆಗೆ ನೆಲ ಕಡಿಮೆ, ಮುಳ್ಳುಗಿಡ ಹೆಚ್ಚು. ಜಾಲಿ, ಬೋರೆ, ಬನ್ನಿ ಜಾತಿಯ ಪೊದೆಗಳು ದಟ್ಟವಾಗಿವೆ. ಮೇಕೆ ಹುಲ್ಲು ಮೇಯುವುದಕ್ಕಿಂತ ಹೆಚ್ಚಾಗಿ ಸೊಪ್ಪು ತರಿದು ತಿನ್ನುವ ಪ್ರಾಣಿ. ಹಿಂಗಾಲ ಮೇಲೆ ನಿಂತು ಎತ್ತರದ ಕೊಂಬೆಯ ಚಿಗುರು ಎಳೆಯಬಲ್ಲ ಉದ್ದ ಕಾಲಿನ ಮೇಕೆಗೆ ಅಂಥ ನೆಲದಲ್ಲಿ ಹೊಟ್ಟೆ ತುಂಬುತ್ತದೆ. ಜಾಲಿಯ ಸೊಪ್ಪಿನಲ್ಲಿ, ಕಾಯಿಯಲ್ಲಿ ಸಾರ ಚೆನ್ನಾಗಿರುತ್ತದೆ. ಜೊತೆಗೆ ಅಲ್ಲಿನ ಸಾಕಣೆದಾರರಿಗೆ ಮನೆಯ ಹಾಲು ಮೇಕೆಯಿಂದಲೇ ಬರಬೇಕಿತ್ತು. ಹಾಲು ಹೆಚ್ಚು ಕೊಟ್ಟ ಮೇಕೆಯ ಮರಿಯನ್ನು ಉಳಿಸಿಕೊಂಡರು, ಕೊಡದ್ದರ ಮರಿಯನ್ನು ಮಾರಿದರು. ತಲೆತಲಾಂತರ ಹೀಗೆ ಆರಿಸಿದ್ದರ ಫಲವೇ ಈ ತಳಿ.

ಇನ್ನೂ ಹಿಂದಕ್ಕೆ ಹೋದರೆ ಎಲ್ಲ ಸಾಕುಮೇಕೆಗಳ ಮೂಲ ಒಂದೇ. ಇರಾನಿನ ಜಾಗ್ರೋಸ್ ಬೆಟ್ಟಸಾಲು ಮತ್ತು ಅದರ ಸುತ್ತಲಿನ ಪ್ರದೇಶದಲ್ಲಿ ಸುಮಾರು 10,000 ವರ್ಷಗಳ ಹಿಂದೆ ಬೆಜೋರ್ ಎಂಬ ಕಾಡುಮೇಕೆಯನ್ನು ಮನುಷ್ಯ ಪಳಗಿಸಿದ. ಕುರಿಯೂ ಹೆಚ್ಚುಕಡಿಮೆ ಅದೇ ಕಾಲಕ್ಕೆ ಮನೆಗೆ ಬಂತು. ಅಂದಿನಿಂದ ಮರುಭೂಮಿಯಲ್ಲಿ, ಹಿಮದ ಬೆಟ್ಟದಲ್ಲಿ, ಮಳೆಕಾಡಿನ ಅಂಚಿನಲ್ಲಿ ಬೇರೆ ಬೇರೆ ರೂಪ ಪಡೆಯುತ್ತಾ ಹೋಗಿದೆ ಮೇಕೆ.

ಜಮುನಾಪಾರಿಯನ್ನು ಗುರುತಿಸಲು ಕಿವಿಯೊಂದನ್ನೇ ನೋಡಿದರೆ ಸಾಲದು. ಮೊದಲು ಮುಖವನ್ನು ಪಕ್ಕದಿಂದ ನೋಡಬೇಕು. ಹಣೆಯ ಕೆಳಗಿನಿಂದ ಮೂಗು ಬಿಲ್ಲಿನಂತೆ ಉಬ್ಬಿರುತ್ತದೆ, ಅದರ ಮೇಲೆ ಕೂದಲಿನ ಒಂದು ಕುಚ್ಚು. ಕೆಳದವಡೆ ಮೇಲ್ದವಡೆಗಿಂತ ತುಸು ಮುಂದಕ್ಕೆ ಚಾಚಿರುವುದರಿಂದ ಬಾಯಿ ಗಿಣಿಯ ಕೊಕ್ಕನ್ನು ನೆನಪಿಸುತ್ತದೆ. ಕಿವಿ ಉದ್ದ, ಚಪ್ಪಟೆ, ಉದ್ದುದ್ದಕ್ಕೆ ಮಡಿಸಿಕೊಂಡು ಜೋತುಬಿದ್ದಿರುತ್ತದೆ. ಕೊಂಬು ಗಿಡ್ಡ. ಹಿಂದೊಡೆಯ ಮೇಲೆ ನೀಳ ಕೂದಲು ಇಳಿಬಿದ್ದಿರುತ್ತದೆ. ಮೈ ಸಾಮಾನ್ಯವಾಗಿ ಬಿಳಿ, ಕುತ್ತಿಗೆ ಕಿವಿಗಳ ಮೇಲೆ ಕಂದು ಮಚ್ಚೆ ಇರುವುದುಂಟು. ಹೆಣ್ಣಿನ ಕೆಚ್ಚಲು ದುಂಡಗೆ, ತೊಟ್ಟುಗಳು ದಪ್ಪ, ಕೈತುಂಬ ಹಿಡಿದು ಕರೆಯಬಹುದು. ಮೈದುನ ತಂದ ಹೋತಕ್ಕೆ ಕಿವಿ ಇತ್ತು, ಮೂಗು ಮಾತ್ರ ಅಷ್ಟಾಗಿ ಉಬ್ಬಿರಲಿಲ್ಲ. ಮಾರಿದ ದಲ್ಲಾಳಿ ಶುದ್ಧ ತಳಿ ಎಂದು ಆಣೆಯಿಟ್ಟು ದುಡ್ಡು ಎಣಿಸಿಕೊಂಡಿದ್ದ. ಅದು ಮಿಶ್ರತಳಿ ಎಂದು ತಿಳಿದದ್ದು ಮರಿಗಳು ಹುಟ್ಟಿದ ಮೇಲೆ.

ಈ ತಳಿಯ ಪ್ರಯಾಣದ ಕಥೆ ನನಗೆ ಬಹಳ ಇಷ್ಟ. ಹಡಗಿನಲ್ಲಿ ತಿಂಗಳುಗಟ್ಟಲೆ ಪ್ರಯಾಣ ಮಾಡಬೇಕಿದ್ದ ಕಾಲದಲ್ಲಿ ಇಂಗ್ಲಿಷರು ಭಾರತದ ಬಂದರುಗಳಲ್ಲಿ ಹಾಲಿಗೆಂದು ಮೇಕೆಗಳನ್ನು ಹಡಗಿಗೆ ಹತ್ತಿಸಿಕೊಳ್ಳುತ್ತಿದ್ದರು. ಲಂಡನ್ ತಲುಪಿದ ಮೇಲೆ ಅವನ್ನು ಅಲ್ಲೇ ಮಾರುತ್ತಿದ್ದರು. ಇಂಗ್ಲೆಂಡಿನಲ್ಲಿ ಮೇಕೆ ಸಾಕುವವರು 1879ರಲ್ಲೇ ಬ್ರಿಟಿಷ್ ಗೋಟ್ ಸೊಸೈಟಿ ಎಂಬ ಸಂಘ ಕಟ್ಟಿಕೊಂಡಿದ್ದರು. ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ಅಲ್ಲಿನ ಹೆಣ್ಣುಮೇಕೆಗಳಿಗೆ ಜಮುನಾಪಾರಿ ಹೋತ, ಈಜಿಪ್ಟ್ ಕಡೆಯ ಹೋತಗಳನ್ನು ಹಾರಿಸಿ ಬೆಳೆಸಿದ ತಳಿಗೆ ಆಂಗ್ಲೋ-ನೂಬಿಯನ್ ಎಂಬ ಹೆಸರು ಬಿತ್ತು. 1909ರಲ್ಲಿ ಅದು ಅಮೆರಿಕಕ್ಕೂ ಹೋಯಿತು. ಇಂದು ಅಮೆರಿಕದ ಮೇಕೆ ಡೇರಿಗಳಲ್ಲಿ ಜೋಲುಕಿವಿ, ಉಬ್ಬುಮೂಗಿನ ನೂಬಿಯನ್ ಮೇಕೆ ಕಂಡರೆ ಅದರ ಮೈಯಲ್ಲಿ ಇಟಾವಾದ ರಕ್ತ ಇದೆ ಎಂದೇ ಅರ್ಥ. ಅದರ ಹಾಲಿನಲ್ಲಿ ಕೊಬ್ಬು ಹೆಚ್ಚಾದ್ದರಿಂದ ಗಿಣ್ಣು ಮಾಡುವವರಿಗೆ ಅಚ್ಚುಮೆಚ್ಚು. ಡಚ್ಚರ ಕಾಲದಲ್ಲಿ ಜಾವಾ ದ್ವೀಪಕ್ಕೆ ಹೋದ ಜಮುನಾಪಾರಿ ಅಲ್ಲಿನ ಮೇಕೆಯೊಂದಿಗೆ ಬೆರೆತು ಪೆರನಾಕನ್ ಇಟಾವಾ ಎಂಬ ತಳಿಯಾಗಿದೆ. ಇಂಡೋನೇಷ್ಯಾದ ರೈತರ ಬಾಯಲ್ಲಿ ಉತ್ತರ ಪ್ರದೇಶದ ಒಂದು ಜಿಲ್ಲೆಯ ಹೆಸರು ಇಂದಿಗೂ ಓಡಾಡುತ್ತಿದೆ.

ಲೋಕಕ್ಕೆಲ್ಲ ರಕ್ತ ಕೊಟ್ಟ ಈ ತಳಿ ತನ್ನ ತವರಲ್ಲೇ ಕ್ಷೀಣಿಸುತ್ತಿರುವುದು ನೋವಿನ ಸಂಗತಿ. ಕೊರಕಲುಗಳನ್ನು ಸಮ ಮಾಡಿ ಹೊಲ ಮಾಡಿದ್ದು, ಮೇವಿನ ಪೊದೆ ಕಡಿಮೆಯಾದದ್ದು, ಒಳ್ಳೆಯ ಹೋತಗಳನ್ನು ವ್ಯಾಪಾರಿಗಳು ಕೊಂಡೊಯ್ದದ್ದು, ಹೀಗೆ ಕಾರಣಗಳು ಹಲವು. ಮಥುರಾ ಸಮೀಪದ ಮಖ್ದೂಮ್‌ನಲ್ಲಿ 1979ರಲ್ಲಿ ಶುರುವಾದ ಕೇಂದ್ರೀಯ ಮೇಕೆ ಸಂಶೋಧನಾ ಸಂಸ್ಥೆ ಜಮುನಾಪಾರಿಯ ಶುದ್ಧ ಹಿಂಡನ್ನು ಸಾಕುತ್ತಾ, ಒಳ್ಳೆಯ ಹೋತಗಳನ್ನು ರೈತರಿಗೆ ಕೊಡುತ್ತಾ ಬಂದಿದೆ.

ಹಾಲಿನ ಲೆಕ್ಕಕ್ಕೆ ಬರೋಣ. ಜಮುನಾಪಾರಿ ಒಳ್ಳೆಯ ಮೇವಿನಲ್ಲಿ ದಿನಕ್ಕೆ ಒಂದೂವರೆಯಿಂದ ಎರಡು ಲೀಟರು ಕೊಡುತ್ತದೆ, ಸುಮಾರು ಆರು ತಿಂಗಳು ಕರೆಯುತ್ತದೆ. ಸ್ವಿಟ್ಜರ್ಲೆಂಡಿನ ಸಾನೆನ್ ಕಣಿವೆಯಿಂದ ಬಂದ ಸಾನೆನ್ ಮೇಕೆ ಇದರ ಎರಡರಷ್ಟು ಕೊಡುವುದು ಮಾಮೂಲು. ಆದರೆ ಸಾನೆನ್‌ನದು ತೆಳುಬಿಳಿ ಚರ್ಮ, ನಮ್ಮ ಏಪ್ರಿಲ್ ಬಿಸಿಲು ಅದಕ್ಕೆ ಆಗಿಬರುವುದಿಲ್ಲ. ಕರ್ನಾಲಿನ ರಾಷ್ಟ್ರೀಯ ಡೇರಿ ಸಂಶೋಧನಾ ಸಂಸ್ಥೆಯಲ್ಲಿ ಪಂಜಾಬಿನ ಬೀಟಲ್ ಮೇಕೆಗಳಿಗೆ ಸಾನೆನ್ ಮತ್ತು ಆಲ್ಪೈನ್ ಹೋತಗಳನ್ನು ಹಾರಿಸಿ ನೋಡಿದ್ದರು. ಹಾಲು ಹೆಚ್ಚಾಯಿತು, ಅದರ ಹಿಂದೆಯೇ ಮೇವಿನ, ಆರೈಕೆಯ ಬೇಡಿಕೆಯೂ ಹೆಚ್ಚಾಯಿತು. ಹಳ್ಳಿಯ ದೊಡ್ಡಿಗಳಿಗೆ ಆ ಮೇಕೆ ಹರಡಲಿಲ್ಲ.

ಜಮುನಾಪಾರಿಯ ಇನ್ನೊಂದು ಗುಣ ನಮ್ಮವರು ತಿಳಿದಿರಬೇಕು. ಅದು ಮೊದಲ ಮರಿ ಹಾಕುವುದು ತಡವಾಗಿ, ಎರಡು ವರ್ಷದ ಆಸುಪಾಸಿನಲ್ಲಿ. ಅರ್ಧಕ್ಕಿಂತ ಹೆಚ್ಚು ಸಲ ಒಂದೇ ಮರಿ. ಮಥುರಾ, ಆಗ್ರಾ ಕಡೆಯ ಬಾರ್ಬರಿ ಗಿಡ್ಡ ಮೇಕೆಯಾದರೂ ಬೇಗ ಗಬ್ಬವಾಗುತ್ತದೆ, ಅವಳಿ ಹಾಕುತ್ತದೆ, ಕಟ್ಟಿ ಸಾಕಿದರೂ ಒಗ್ಗುತ್ತದೆ. ಜಮುನಾಪಾರಿ ತಿರುಗಾಡಿ ಪೊದೆ ತರಿಯುವ ಮೇಕೆ, ಶೆಡ್ಡಿನಲ್ಲೇ ಕೂಡಿದರೆ ಸೊರಗುತ್ತದೆ. ಗಬ್ಬದ ಕಾಲ ಎಲ್ಲ ಮೇಕೆಗೂ ಐದು ತಿಂಗಳೇ. ಬೆದೆ ಬರುವುದು ಮೂರು ವಾರಕ್ಕೊಮ್ಮೆ, ಇರುವುದು ಒಂದೆರಡು ದಿನ. ಆ ಒಂದೆರಡು ದಿನ ತಪ್ಪಿದರೆ ಮೂರು ವಾರದ ಮೇವು ದಂಡ.

ನಮ್ಮ ಮನೆಯಲ್ಲಿ ಈಗ ಒಂದು ಕರಾವಿನ ಮೇಕೆ ಇದೆ. ಮೈದುನನ ಹೋತಕ್ಕೆ ನಮ್ಮ ಬಿಳಿಮೇಕೆಯಲ್ಲಿ ಹುಟ್ಟಿದ್ದು. ಬೆಳಗ್ಗೆ ಮರಿಗಳನ್ನು ಬಿದಿರಿನ ಮಕ್ಕರಿ ಬೋರಲು ಹಾಕಿ ಮುಚ್ಚಿರುತ್ತೇವೆ. ಮೇಕೆಯ ಮುಂದೆ ಒಂದು ಹಿಡಿ ಬೂಸ ಇಟ್ಟು, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಬೆಚ್ಚಗಿನ ನೀರಲ್ಲಿ ಅದ್ದಿದ ಬಟ್ಟೆಯಿಂದ ಕೆಚ್ಚಲು ಒರೆಸುತ್ತೇನೆ. ಮೇಕೆಗೆ ತೊಟ್ಟು ಎರಡೇ. ಹೆಬ್ಬೆರಳು ತೋರುಬೆರಳಿನಿಂದ ತೊಟ್ಟಿನ ಬುಡ ಬಿಗಿಹಿಡಿದು, ಉಳಿದ ಬೆರಳುಗಳನ್ನು ಒಂದೊಂದಾಗಿ ಮಡಿಸುತ್ತಾ ಬರಬೇಕು, ಜಗ್ಗಬಾರದು. ಮೊದಲ ಎರಡು ಮೂರು ಧಾರೆಯನ್ನು ಬೇರೆ ಬಟ್ಟಲಿಗೆ ಬಿಟ್ಟು ನೋಡುತ್ತೇನೆ. ಅದರಲ್ಲಿ ಹರಳು ಹರಳು, ದಾರದಂಥ ಗರಣೆ ಕಂಡರೆ ಕೆಚ್ಚಲು ಬಾವು ಶುರುವಾಗಿದೆ ಎಂದು ಗೊತ್ತಾಗುತ್ತದೆ. ಕರೆದು ಮುಗಿಸಿದ ಮೇಲೆ ಕೆಚ್ಚಲಿನ ಮೇಲೆ ಅಂಗೈ ಇಡುವುದು ನಾನು ಕಲಿತ ದೊಡ್ಡ ಪಾಠ. ಹಾಲಿನ ಮೇಕೆಯ ಕೆಚ್ಚಲು ಕರೆದೊಡನೆ ಸುಕ್ಕುಗಟ್ಟಿ ಮೆತ್ತಗಾಗುತ್ತದೆ. ಕರೆದ ಮೇಲೂ ಗಟ್ಟಿಯಾಗಿ, ದೊಡ್ಡದಾಗಿಯೇ ಇದ್ದರೆ ಅದು ಮಾಂಸದ ಕೆಚ್ಚಲು. ಸಂತೆಯಲ್ಲಿ ಕಣ್ಣಿಗೆ ತುಂಬಿ ಕಾಣುತ್ತದೆ, ಚೊಂಬು ತುಂಬುವುದಿಲ್ಲ.

ಮೇಕೆ ಹಾಲಿಗೆ ವಾಸನೆ ಎಂದು ಮೂಗು ಮುರಿಯುವವರಿಗೆ ಒಂದು ಮಾತು. ಬೆದೆಗೆ ಬಂದ ಹೋತದ ಮೈಯಿಂದ ಹೊರಡುವ ಗಬ್ಬುವಾಸನೆಯನ್ನು ಹಾಲು ಬಹುಬೇಗ ಹೀರಿಕೊಳ್ಳುತ್ತದೆ. ಹೋತವನ್ನು ದೂರ ಕಟ್ಟಿ, ಕರೆದ ಹಾಲನ್ನು ಕೂಡಲೇ ಶೋಧಿಸಿ ತಣ್ಣಗಿಟ್ಟರೆ ಆ ವಾಸನೆ ಬಹುಮಟ್ಟಿಗೆ ಇರುವುದಿಲ್ಲ. ಉಳಿಯುವ ಸಣ್ಣ ಘಾಟು ಮೇಕೆ ಹಾಲಿನ ಕೊಬ್ಬಿನಲ್ಲೇ ಇರುವ ಕೆಲವು ಆಮ್ಲಗಳದು. ಈ ಹಾಲು ಹಸುವಿನ ಹಾಲಿಗಿಂತ ಬೆಳ್ಳಗೆ ಕಾಣುತ್ತದೆ, ಏಕೆಂದರೆ ಸೊಪ್ಪಿನ ಹಳದಿ ಬಣ್ಣದ ಕ್ಯಾರೋಟಿನ್ ಅನ್ನು ಮೇಕೆ ಪೂರ್ತಿ ಎ ಜೀವಸತ್ವವಾಗಿ ಮಾರ್ಪಡಿಸಿಕೊಂಡುಬಿಡುತ್ತದೆ. ಕೊಬ್ಬಿನ ಕಣಗಳು ಸಣ್ಣವು, ಕೆನೆ ಬೇಗ ಮೇಲೆ ಕಟ್ಟುವುದಿಲ್ಲ. ಹೆಪ್ಪು ಹಾಕಿದರೆ ಮೊಸರು ಮೆದು. ಹಲವರಿಗೆ ಸುಲಭವಾಗಿ ಅರಗುತ್ತದೆ ಎಂಬ ಮಾತಿನ ಹಿಂದೆ ಈ ಗುಣಗಳಿವೆ.

ಹಾಗೆಂದು ಮೇಕೆ ಹಾಲನ್ನು ಅಮೃತ ಮಾಡಿಬಿಡಬಾರದು. ಬೆಂಗಳೂರಿನಲ್ಲಿ ಡೆಂಗಿ ಹೆಚ್ಚಾದಾಗ ನಮ್ಮೂರಿಗೂ ಕಾರುಗಳು ಬರುತ್ತವೆ. ಪ್ಲೇಟ್‌ಲೆಟ್ ಏರುತ್ತದೆ ಎಂದು ಲೋಟಕ್ಕೆ ಕೇಳಿದಷ್ಟು ಕೊಡುತ್ತಾರೆ. ಮೇಕೆ ಹಾಲಿನಿಂದ ಡೆಂಗಿ ವಾಸಿಯಾಗುತ್ತದೆ ಎನ್ನುವುದಕ್ಕೆ ವೈದ್ಯಶಾಸ್ತ್ರದಲ್ಲಿ ಗಟ್ಟಿ ಪುರಾವೆ ಇಲ್ಲ. ನಾನು ಮಾಮೂಲಿ ಬೆಲೆಗೆ ಹಾಲು ಕೊಟ್ಟು, ಮೊದಲು ಡಾಕ್ಟರ ಹತ್ತಿರ ಹೋಗಿ, ನೀರು ಗಂಜಿ ಚೆನ್ನಾಗಿ ಕುಡಿಸಿ ಎಂದು ಹೇಳಿ ಕಳಿಸುತ್ತೇನೆ. ಒಂದು ವರ್ಷದೊಳಗಿನ ಕೂಸಿಗೆ ತಾಯಿಹಾಲಿನ ಬದಲು ಬರೀ ಮೇಕೆ ಹಾಲು ಕುಡಿಸುವುದು ಅಪಾಯ. ಅದರಲ್ಲಿ ಫೋಲಿಕ್ ಆಮ್ಲ ತೀರಾ ಕಡಿಮೆ, ಕೂಸಿಗೆ ರಕ್ತಹೀನತೆ ಬರುತ್ತದೆ. ಹಸುವಿನ ಹಾಲಿನ ಅಲರ್ಜಿ ಇರುವ ಮಗುವಿಗೆ ಮೇಕೆ ಹಾಲೂ ಬಹುತೇಕ ಒಗ್ಗುವುದಿಲ್ಲ, ಎರಡರ ಪ್ರೋಟೀನೂ ಹೆಚ್ಚುಕಡಿಮೆ ಒಂದೇ ಬಗೆಯವು.

ಹಸಿಹಾಲನ್ನಂತೂ ಕುಡಿಯಲೇಬಾರದು. ಮೆಡಿಟರೇನಿಯನ್ ಸಮುದ್ರದ ಮಾಲ್ಟಾ ದ್ವೀಪದಲ್ಲಿ ಬ್ರಿಟಿಷ್ ಸಿಪಾಯಿಗಳು ವರ್ಷಗಟ್ಟಲೆ ಒಂದು ಬಿಟ್ಟುಬಿಟ್ಟು ಬರುವ ಜ್ವರದಿಂದ ನರಳುತ್ತಿದ್ದರು. ಅದರ ರೋಗಾಣುವನ್ನು ಡೇವಿಡ್ ಬ್ರೂಸ್ 1887ರಲ್ಲಿ ಕಂಡುಹಿಡಿದರು. ಅದು ಎಲ್ಲಿಂದ ಬರುತ್ತದೆ ಎಂದು ಗೊತ್ತಾಗಲು 1905ರವರೆಗೆ ಕಾಯಬೇಕಾಯಿತು. ಅಲ್ಲಿನ ವೈದ್ಯ ಥೆಮಿಸ್ಟಾಕ್ಲಿಸ್ ಜಾಮಿಟ್ ಅವರು ನೋಡಲು ಆರೋಗ್ಯವಾಗಿದ್ದ ಮೇಕೆಗಳ ರಕ್ತ ಪರೀಕ್ಷಿಸಿ ಮೂಲ ಅಲ್ಲಿದೆ ಎಂದು ತೋರಿಸಿದರು. ಇಂದು ಬ್ರೂಸೆಲ್ಲೋಸಿಸ್ ಎನ್ನುವ ಆ ರೋಗ ನಮ್ಮ ದೇಶದ ದನ ಮೇಕೆಗಳಲ್ಲೂ ಇದೆ. ಒಂದು ಕುದಿ ಬರಿಸಿದರೆ ಭಯವಿಲ್ಲ. ಕಂದು ಹಾಕಿದ ಮೇಕೆಯ ಸತ್ತೆಯನ್ನು ಬರಿಗೈಯಲ್ಲಿ ಎತ್ತುವುದನ್ನು ನಮ್ಮ ಹೆಂಗಸರು ಬಿಡಬೇಕು, ಅದೇ ರೋಗ ಕೈಯ ಗಾಯದಿಂದಲೂ ಹತ್ತುತ್ತದೆ.

ನಮ್ಮ ಜಿಲ್ಲೆಗೂ ಮೇಕೆ ಹಾಲಿಗೂ ಇರುವ ಒಂದು ನಂಟನ್ನು ಇಲ್ಲಿ ಹೇಳಲೇಬೇಕು. ಹಸು ಎಮ್ಮೆಗಳ ಮೇಲೆ ನಡೆಯುತ್ತಿದ್ದ ಹಿಂಸೆಯ ಬಗ್ಗೆ ತಿಳಿದು ಗಾಂಧೀಜಿ ಹಾಲು ಬಿಟ್ಟಿದ್ದರು. 1918ರಲ್ಲಿ ಕಾಯಿಲೆ ಬಿದ್ದು ಏಳಲಾಗದೆ ಇದ್ದಾಗ, ವ್ರತ ಹಸು ಎಮ್ಮೆಯ ಹಾಲಿಗೆ ತಾನೇ, ಮೇಕೆ ಹಾಲಿಗೇನು ಎಂದು ಕಸ್ತೂರಬಾ ಕೇಳಿದರು. ಅಂದಿನಿಂದ ಕೊನೆವರೆಗೂ ಅವರು ಕುಡಿದದ್ದು ಮೇಕೆ ಹಾಲೇ. ವ್ರತದ ಅಕ್ಷರ ಉಳಿಯಿತು, ಆತ್ಮ ಉಳಿಯಲಿಲ್ಲ ಎಂಬ ಕೊರಗು ಅವರನ್ನು ಬಿಡಲಿಲ್ಲ, ಅದನ್ನು ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. 1927ರ ಬೇಸಿಗೆಯಲ್ಲಿ ಆರೋಗ್ಯ ಕೆಟ್ಟು ಅವರು ಸುಧಾರಿಸಿಕೊಳ್ಳಲು ಬಂದದ್ದು ನಮ್ಮ ನಂದಿ ಬೆಟ್ಟಕ್ಕೆ. ಏಪ್ರಿಲ್‌ನಿಂದ ಜೂನ್ ಮೊದಲ ವಾರದವರೆಗೆ ಬೆಟ್ಟದ ಮೇಲಿನ ಬಂಗಲೆಯಲ್ಲಿದ್ದರು. 1936ರಲ್ಲಿ ಮತ್ತೊಮ್ಮೆ ಬಂದರು. ಬೆಟ್ಟಕ್ಕೆ ಹೋಗುವ ನಮ್ಮ ಮಕ್ಕಳಿಗೆ ಆ ಗಾಂಧಿ ನಿಲಯವನ್ನು ತೋರಿಸುವಾಗ ಈ ಮಾತನ್ನೂ ಹೇಳಬೇಕು.

ಆ ಬೆಟ್ಟದ ಹೆಸರಿನದೇ ಒಂದು ಮೇಕೆ ತಳಿ ಇದೆ, ನಂದಿದುರ್ಗ ಮೇಕೆ. ಕರ್ನಾಲಿನಲ್ಲಿರುವ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೊ ಇದನ್ನೂ ಬೀದರ್ ಕಡೆಯ ಬಿದರಿ ಮೇಕೆಯನ್ನೂ ಕರ್ನಾಟಕದ ತಳಿಗಳೆಂದು ನೋಂದಾಯಿಸಿದೆ. ನಾವು ಯಾವ ಹೆಸರೂ ಇಲ್ಲದೆ ಬಿಳಿಮೇಕೆ ಎನ್ನುತ್ತಾ ಬಂದ, ಹೆಚ್ಚಾಗಿ ಬಿಳಿ ಮೈಯ, ಮಧ್ಯಮ ಗಾತ್ರದ, ಬಿಸಿಲು ಬರ ತಾಳುವ ಪ್ರಾಣಿಗೆ ಸರ್ಕಾರಿ ಪುಸ್ತಕದಲ್ಲಿ ಜಾಗ ಸಿಕ್ಕಿತು. ಇದನ್ನು ಮಾಂಸದ ತಳಿ ಎಂದೇ ಬರೆದಿದ್ದಾರೆ, ಅದು ಸರಿಯೇ. ಆದರೆ ಇದರಲ್ಲಿ ಹಾಲು ಎಷ್ಟಿದೆ ಎಂದು ನಮ್ಮ ದೊಡ್ಡಿಗಳಲ್ಲಿ ಯಾರೂ ಅಳೆದವರಿಲ್ಲ. ಅವಳಿ ಮರಿಗಳನ್ನು ಹೊಟ್ಟೆ ತುಂಬ ಸಾಕಿ ಬೆಳೆಸುವ ಮೇಕೆ ಹಾಲಿಲ್ಲದ ಮೇಕೆಯಾಗಿರಲು ಸಾಧ್ಯವಿಲ್ಲ. ಒಂದೇ ದೊಡ್ಡಿಯಲ್ಲಿ ಒಂದು ಮೇಕೆ ಮರಿ ಕುಡಿದ ಮೇಲೂ ಅರ್ಧ ಲೀಟರು ಬಿಡುತ್ತದೆ, ಪಕ್ಕದ್ದು ತನ್ನ ಮರಿಗೇ ಸಾಲದಷ್ಟು. ಹೀಗೆ ಮೇಕೆಯಿಂದ ಮೇಕೆಗೆ ಕಾಣುವ ಹಾಲಿನ ಅಂತರದಲ್ಲಿ ಸುಮಾರು ಮೂರನೇ ಒಂದು ಪಾಲು ಹುಟ್ಟಿನಿಂದ ಬಂದದ್ದು, ಉಳಿದದ್ದು ಮೇವು ಆರೈಕೆಯದು ಎನ್ನುತ್ತದೆ ತಳಿಶಾಸ್ತ್ರ. ಆ ಮೂರನೇ ಒಂದು ಪಾಲನ್ನು ಹಿಡಿದೇ ಇಟಾವಾದವರೂ ಸ್ವಿಸ್ ರೈತರೂ ತಮ್ಮ ತಳಿ ಕಟ್ಟಿದರು.

ಮೇವಿಗೆ ನಮ್ಮಲ್ಲಿ ಕೊರತೆ ಇದೆ, ದಾರಿಯೂ ಇದೆ. ಶಿಡ್ಲಘಟ್ಟ, ಚಿಂತಾಮಣಿ ರೇಷ್ಮೆಯ ಸೀಮೆ. ಹುಳು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿ, ಎಲೆ ಮೇಕೆಗೆ ಹಬ್ಬದೂಟ. ಹುಳುವಿನ ಮನೆಗೆ ಔಷಧಿ, ಸುಣ್ಣ ಹಾಕಿದ ಕಡ್ಡಿಯನ್ನು ಮಾತ್ರ ಹಾಕಬಾರದು. ಕಡಲೆಕಾಯಿ ಬಳ್ಳಿ, ಅವರೆ ಹೊಟ್ಟು, ಹುರುಳಿ ಹೊಟ್ಟು ಒಣಮೇವಿಗಾಯಿತು. ಬದುವಿನ ಮೇಲೆ ಅಗಸೆ, ನುಗ್ಗೆ ಹಾಕಿದರೆ ಹಸಿಮೇವು. ಹುಣಸೆ, ಹಲಸು, ಬೇವಿನ ಸೊಪ್ಪನ್ನು ದೋಟಿಯಲ್ಲಿ ಎಳೆದು ಹಾಕುವುದು ಹಿಂದಿನಿಂದ ಇದ್ದದ್ದೇ. ಕಾಲಕಾಲಕ್ಕೆ ಹೊಟ್ಟೆಹುಳುವಿನ ಔಷಧಿ, ಪಿಪಿಆರ್ ಎಂಬ ಸೋಂಕುರೋಗದ ಲಸಿಕೆ, ಮಳೆಗಾಲಕ್ಕೆ ಮುಂಚೆ ಕರುಳುಬೇನೆಯ ಲಸಿಕೆ ತಪ್ಪಬಾರದು. ದೂರದಿಂದ ಲಾರಿಯಲ್ಲಿ ಬಂದ ಮೇಕೆಯನ್ನು ಮೂರು ವಾರ ಬೇರೆ ಕಟ್ಟಬೇಕು. ಮೈದುನ ತಂದ ಜೋಡಿ ಬಂದ ವಾರದಲ್ಲೇ ಮೂಗು ಸುರಿಸಿ, ಭೇದಿಯಾಗಿ ಹೆಣ್ಣು ಸತ್ತಿತು. ಬೇರೆ ಕಟ್ಟಿದ್ದರಿಂದ ನಮ್ಮ ಹಿಂಡು ಉಳಿಯಿತು.

2019ರ ಜಾನುವಾರು ಗಣತಿಯಂತೆ ದೇಶದಲ್ಲಿ ಸುಮಾರು 14.88 ಕೋಟಿ, ಕರ್ನಾಟಕದಲ್ಲಿ ಸುಮಾರು 62 ಲಕ್ಷ ಮೇಕೆಗಳಿದ್ದವು. ದೇಶದ ಒಟ್ಟು ಹಾಲಿನಲ್ಲಿ ಮೇಕೆಯ ಪಾಲು ನೂರಕ್ಕೆ ಮೂರರ ಆಸುಪಾಸು. ನಮ್ಮೂರ ಡೇರಿಯಲ್ಲಿ ಮೇಕೆ ಹಾಲು ಅಳೆದುಕೊಳ್ಳುವುದಿಲ್ಲ, ಸದ್ಯಕ್ಕೆ ಅಳೆಯುವಂತೆಯೂ ಕಾಣುವುದಿಲ್ಲ. ಹಾಗಾಗಿ ಹಾಲು ಮಾರಿ ಶೆಡ್ಡಿನ ಸಾಲ ತೀರಿಸುತ್ತೇನೆ ಎನ್ನುವ ಹುಡುಗರಿಗೆ ಕೈ ಹಾಕಬೇಡಿ ಎಂದೇ ಹೇಳುತ್ತೇನೆ. ಮನೆಯ ಮಕ್ಕಳಿಗೆ ಒಂದು ಲೋಟ ಹಾಲು, ಗಟ್ಟಿಮುಟ್ಟಾದ ಮರಿ, ಹೊಲಕ್ಕೆ ಹಿಕ್ಕೆಗೊಬ್ಬರ, ಇಷ್ಟು ಸಾಕು ಎನ್ನುವವರಿಗೆ ಮೇಕೆ ಎಂದೂ ಮೋಸ ಮಾಡುವುದಿಲ್ಲ.

ಉದ್ದ ಕಿವಿ ನೋಡಿ ಸಾವಿರಾರು ರೂಪಾಯಿ ಸುರಿಯುವ ಮುಂಚೆ ನಿಮ್ಮ ದೊಡ್ಡಿಯಲ್ಲೇ ಇರುವ ಮೇಕೆಗಳನ್ನು ಒಂದು ಈತಿನ ಪೂರ್ತಿ ಗಮನಿಸಿ. ಮರಿಗಳನ್ನು ಒಂದು ರಾತ್ರಿ ಬೇರೆ ಮುಚ್ಚಿ, ಬೆಳಗ್ಗೆ ಕರೆದು, ಅಳೆದು, ಗೋಡೆಯ ಕ್ಯಾಲೆಂಡರಿನ ಮೇಲೆ ಬರೆಯಿರಿ. ವಾರಕ್ಕೆ ಒಂದು ಸಲ ಸಾಕು. ಹೆಚ್ಚು ಕೊಟ್ಟವಳ ಗಂಡುಮರಿಯನ್ನು ಹಬ್ಬಕ್ಕೆ ಮಾರಬೇಡಿ, ಹೋತ ಮಾಡಿ. ಅದರ ಮರಿಗಳು ಪ್ರಾಯಕ್ಕೆ ಬರುವ ಹೊತ್ತಿಗೆ ಪಕ್ಕದ ಊರಿನ ಅಂಥದೇ ಹೋತದೊಂದಿಗೆ ಅದಲು ಬದಲು ಮಾಡಿಕೊಳ್ಳಿ. ಕೊಳ್ಳಲೇಬೇಕೆಂದರೆ ಎರಡು ಹೊತ್ತಿನ ಕರಾವನ್ನು ಎದುರು ನಿಂತು ನೋಡಿ ಕೊಳ್ಳಿ. ಅನುಮಾನ ಇದ್ದರೆ ಊರಿನ ಪಶು ಆಸ್ಪತ್ರೆಯಲ್ಲೋ ಚಿಂತಾಮಣಿ ಬಳಿಯ ಕುರುಬೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲೋ ವಿಚಾರಿಸಿ, ಕೇಳಿದ್ದಕ್ಕೆ ಅಲ್ಲಿ ದುಡ್ಡು ತೆಗೆದುಕೊಳ್ಳುವುದಿಲ್ಲ.